ಸ್ಪೋರ್ಟ್ಸ್ ಕಾರಿನ ಟೈರ್ ಬೇಗ ಸವೆಯುತ್ತಿದ್ದರೆ: ದೋಷ ಹುಡುಕಿ, ಮಿತ ಬೆಲೆಯಲ್ಲಿ ಬದಲಿಸುವ ಬಗೆ

ಹತ್ತು ಹನ್ನೆರಡು ವರ್ಷ ಓಡಿದ ಸ್ಪೋರ್ಟ್ಸ್ ಕಾರನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡವರಿಗೆ ಮೊದಲ ದೊಡ್ಡ ಖರ್ಚು ಬರುವುದು ಸಾಮಾನ್ಯವಾಗಿ ಟೈರುಗಳಿಂದ. ನಾಲ್ಕು ಟೈರಿನ ಬೆಲೆ ಕೇಳಿದಾಗ ಎದೆ ಧಸಕ್ಕೆನ್ನುವುದು ಸಹಜ. ಆ ಗಾಬರಿಯಲ್ಲಿ ಕೈಗೆ ಸಿಕ್ಕಿದ ಅಗ್ಗದ ಜೋಡಿಯನ್ನು ಹಾಕಿಸಿಕೊಂಡು, ವರ್ಷ ತುಂಬುವುದರೊಳಗೆ ಮತ್ತೆ ಅದೇ ಅಂಗಡಿಯ ಮುಂದೆ ನಿಲ್ಲುವವರು ಅನೇಕರಿದ್ದಾರೆ. ಹಳೆಯ ಟೈರನ್ನು ಹಾಳು ಮಾಡಿದ ದೋಷವು ಕಾರಿನಲ್ಲಿ ಹಾಗೆಯೇ ಉಳಿದಿದ್ದರೆ, ಎಷ್ಟೇ ಒಳ್ಳೆಯ ಬ್ರ್ಯಾಂಡಿನ ಹೊಸ ಟೈರೂ ಅದೇ ದಾರಿ ಹಿಡಿಯುತ್ತದೆ. ಆದ್ದರಿಂದ ಈ ಕೈಪಿಡಿಯಲ್ಲಿ ಮೊದಲು ದೋಷವನ್ನು ಗುರುತಿಸುವ ಕ್ರಮವನ್ನೂ, ಅನಂತರ ಹಣವನ್ನು ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು ಎಂಬುದನ್ನೂ ಬರೆದಿದ್ದೇನೆ. ಉದಾಹರಣೆಗೆ ತೆಗೆದುಕೊಂಡಿರುವುದು ಬಿಎಂಡಬ್ಲ್ಯು ಝಡ್4 ಕಾರಿನ ಇ89 ಮಾದರಿಯನ್ನು, ಅಂದರೆ 2009ರಿಂದ 2016ರವರೆಗೆ ತಯಾರಾದ ಎರಡು ಸೀಟಿನ, ಹಿಂದಿನ ಚಕ್ರಗಳಿಂದ ಓಡುವ ಕಾರನ್ನು. ಇದರಲ್ಲಿ ಸಾಮಾನ್ಯವಾಗಿ ಕಾಣುವ 18 ಇಂಚಿನ ಜೋಡಣೆಯಲ್ಲಿ ಮುಂದೆ 225/40 ಆರ್18, ಹಿಂದೆ 255/35 ಆರ್18 ಟೈರುಗಳಿರುತ್ತವೆ. ಮುಂದೆ ಕಿರಿದು, ಹಿಂದೆ ಅಗಲವಾದ ಟೈರುಗಳಿರುವ ಬೇರೆ ಕಾರುಗಳಿಗೂ ಇಲ್ಲಿನ ಹೆಚ್ಚಿನ ಮಾತು ಅನ್ವಯಿಸುತ್ತದೆ.

ಹಳೆಯ ಟೈರನ್ನು ಪರೀಕ್ಷಿಸುವುದು

ಹಳೆಯ ಟೈರನ್ನು ಕಳಚಿ ಅಂಗಡಿಯಲ್ಲೇ ಬಿಟ್ಟು ಬರುವ ಮೊದಲು ಅದನ್ನು ಪೂರ್ತಿಯಾಗಿ ನೋಡಬೇಕು. ಕಾರನ್ನು ರಾತ್ರಿಯಿಡೀ ನಿಲ್ಲಿಸಿ, ಬೆಳಿಗ್ಗೆ ಟೈರು ತಣ್ಣಗಿರುವಾಗಲೇ ನಾಲ್ಕರ ಗಾಳಿಯನ್ನೂ ಗೇಜಿನಿಂದ ಅಳೆದು, ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿರುವ ಚೀಟಿಯ ಅಂಕಿಗಳೊಡನೆ ಹೋಲಿಸಿ ಬರೆದಿಟ್ಟುಕೊಳ್ಳಬೇಕು. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಹೆಚ್ಚು ತೋರಿಸುವುದರಿಂದ ಪೆಟ್ರೋಲ್ ಬಂಕಿನಲ್ಲಿ ಅಳೆದ ಅಂಕಿ ಈ ಕೆಲಸಕ್ಕೆ ಬರುವುದಿಲ್ಲ. ರನ್‌ಫ್ಲ್ಯಾಟ್ ಟೈರುಗಳ, ಅಂದರೆ ಗಾಳಿ ಹೋದರೂ ಸ್ವಲ್ಪ ದೂರ ಓಡಬಲ್ಲ ಟೈರುಗಳ, ವಿಷಯದಲ್ಲಂತೂ ಕಣ್ಣಳತೆಯನ್ನು ನಂಬಲೇಬಾರದು. ಅವುಗಳ ಪಕ್ಕದ ಗೋಡೆ ಎಷ್ಟು ಗಟ್ಟಿಯೆಂದರೆ, ಅರ್ಧ ಗಾಳಿ ಇಳಿದಿದ್ದರೂ ಟೈರು ನೆಟ್ಟಗೆ ನಿಂತಂತೆಯೇ ಕಾಣುತ್ತದೆ.

ಮುಂದಿನ ಚಕ್ರಗಳನ್ನು ಸ್ಟಿಯರಿಂಗ್ ತಿರುಗಿಸಿ ನೋಡಬಹುದು. ಹಿಂದಿನ ಚಕ್ರಗಳ ಒಳಅಂಚು ನಿಂತ ಕಾರಿನಲ್ಲಿ ಕಾಣುವುದಿಲ್ಲ, ಮತ್ತು ಈ ಬಗೆಯ ಕಾರುಗಳಲ್ಲಿ ಅಪಾಯ ಅಡಗಿರುವುದು ಅಲ್ಲಿಯೇ. ತಿರುವಿನಲ್ಲಿ ಹಿಡಿತ ಸಿಗಲೆಂದು ಹಿಂದಿನ ಚಕ್ರಗಳ ಮೇಲ್ಭಾಗವನ್ನು ಕಂಪನಿಯವರೇ ಸ್ವಲ್ಪ ಒಳಕ್ಕೆ ವಾಲಿಸಿ ಕೂರಿಸಿರುತ್ತಾರೆ. ಇದನ್ನು ಗ್ಯಾರೇಜಿನವರು ನೆಗೆಟಿವ್ ಕ್ಯಾಂಬರ್ ಎನ್ನುತ್ತಾರೆ. ಹೀಗಾಗಿ ಒಳಅಂಚು ಕೊಂಚ ಹೆಚ್ಚು ಸವೆಯುವುದು ದೋಷವಲ್ಲ, ಆದರೆ ಒಳಅಂಚು ಬೋಳಾಗಿ ಹೊರಅಂಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಬಟನ್ (ಟೈರಿನ ಮೈಮೇಲಿನ ರಬ್ಬರ್ ಉಬ್ಬುಗಳು) ಉಳಿದಿದ್ದರೆ ಅದು ಖಂಡಿತ ದೋಷ. ನನ್ನ ಪರಿಚಯದವರೊಬ್ಬರ ಝಡ್4ನಲ್ಲಿ ಹೊರಗಿನಿಂದ ನೋಡಿದರೆ ಹಿಂದಿನ ಟೈರುಗಳು ಇನ್ನೂ ಒಂದು ವರ್ಷ ಬರುವಂತಿದ್ದವು. ಕಾರನ್ನು ಲಿಫ್ಟಿನ ಮೇಲೆ ಎತ್ತಿ ಟಾರ್ಚ್ ಹಿಡಿದಾಗ, ಒಳಗಿನ ಎರಡು ಬೆರಳಗಲದ ಪಟ್ಟಿ ಸಂಪೂರ್ಣ ನುಣುಪಾಗಿ, ಒಂದೆಡೆ ರಬ್ಬರು ಹರಿದು ಬೂದುಬಣ್ಣದ ನೂಲೂ ಅದರ ಕೆಳಗೆ ಕೂದಲೆಳೆಯಂಥ ಉಕ್ಕಿನ ತಂತಿಯೂ ಹೊರಗೆ ಬಂದಿದ್ದವು. ಇಂಥ ಕಡೆ ಬರಿಗೈಯಲ್ಲಿ ಸವರಬಾರದು, ತಂತಿ ಬೆರಳನ್ನು ಸೀಳುತ್ತದೆ. ಅವರು ಅದಕ್ಕೆ ಮೊದಲು ಒಂದು ಜೋಡಿ ಟೈರನ್ನು ಬ್ರ್ಯಾಂಡ್ ಸರಿಯಿಲ್ಲವೆಂದು ಎಸೆದಿದ್ದರು. ನಿಜವಾದ ಕಾರಣ ಹಿಂಬದಿಯ ಸಸ್ಪೆನ್ಷನ್ ತೋಳಿನ ಬುಶ್ (ಜೋಡಣೆಯ ರಬ್ಬರ್ ತುಂಡು) ಹರಿದು, ಚಕ್ರ ತಾನು ನೋಡಬೇಕಾದ ದಿಕ್ಕನ್ನು ಬಿಟ್ಟು ನಿಂತಿದ್ದುದು. ಅದಕ್ಕೆ ಮೊದಲು ಮಾಡಿಸಿದ್ದ ಅಲೈನ್‌ಮೆಂಟಿನ (ಚಕ್ರಗಳ ಕೋನ ಸರಿಪಡಿಸುವ ಕೆಲಸದ) ಚೀಟಿಯಲ್ಲಿ ಮುಂದಿನ ಚಕ್ರಗಳ ಅಂಕಿಗಳಷ್ಟೇ ಇದ್ದುದರಿಂದ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಚಕ್ರ ನೋಡುವ ಈ ದಿಕ್ಕಿಗೆ ಟೋ ಎಂದು ಹೆಸರು. ಇದು ಕೆಟ್ಟರೆ ಎಷ್ಟು ಬೇಗ ಟೈರನ್ನು ತಿನ್ನುತ್ತದೆಂಬುದನ್ನು ಸರಳ ಲೆಕ್ಕದಿಂದ ತಿಳಿಯಬಹುದು. ಚಕ್ರವು ಕಾರು ಸಾಗುವ ದಿಕ್ಕಿನಿಂದ ಅರ್ಧ ಡಿಗ್ರಿ ಓರೆಯಾಗಿದ್ದರೆ, ಪ್ರತಿ ಕಿಲೋಮೀಟರಿಗೆ ಸುಮಾರು 8.7 ಮೀಟರಿನಷ್ಟು ಅಡ್ಡಕ್ಕೆ ಉಜ್ಜಿಕೊಂಡೇ ಉರುಳುತ್ತದೆ. ಒಂದು ಡಿಗ್ರಿಯಾದರೆ ಸುಮಾರು 17 ಮೀಟರು. ಕ್ಯಾಂಬರ್ ಒಂದೇ ಆಗಿದ್ದರೆ ಟೈರು ನಿಧಾನವಾಗಿ ಒಂದು ಬದಿ ಸವೆಯುತ್ತದೆ, ಅದರ ಜೊತೆಗೆ ಟೋ ಕೂಡ ಕೆಟ್ಟಿದ್ದರೆ ಕೆಲವೇ ಸಾವಿರ ಕಿಲೋಮೀಟರಿನಲ್ಲಿ ನೂಲು ಕಾಣಿಸುತ್ತದೆ. ತಂತಿ ಹೊರಬಂದಿರದ ಟೈರಿನಲ್ಲಿ ಅಂಗೈಯನ್ನು ಟ್ರೆಡ್ಡಿನ (ನೆಲಕ್ಕೆ ತಾಗುವ ಭಾಗದ) ಮೇಲೆ ಒಳಗಿನಿಂದ ಹೊರಕ್ಕೂ ಹೊರಗಿನಿಂದ ಒಳಕ್ಕೂ ಸವರಿದಾಗ ಒಂದು ಕಡೆಗೆ ನುಣುಪಾಗಿಯೂ ಇನ್ನೊಂದು ಕಡೆಗೆ ಗರಗಸದಂತೆಯೂ ತಾಕಿದರೆ ಟೋ ಕೆಟ್ಟಿದೆಯೆಂದು ತಿಳಿಯಬೇಕು.

ಉಳಿದ ಗುರುತುಗಳು ಸುಲಭ. ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿತ್ತು, ಎರಡೂ ಅಂಚು ಸವೆದು ನಡುವೆ ಉಳಿದಿದ್ದರೆ ಗಾಳಿ ಕಡಿಮೆಯಿತ್ತು. ಸುತ್ತಲೂ ಅಲ್ಲಲ್ಲಿ ಬಟ್ಟಲಿನಂತೆ ತಗ್ಗುಗಳಾಗಿದ್ದರೆ ಶಾಕ್ ಅಬ್ಸಾರ್ಬರ್ ದುರ್ಬಲವಾಗಿದೆ ಅಥವಾ ಬುಶ್ ಸಡಿಲವಾಗಿದೆ. ಪಕ್ಕದ ಗೋಡೆಯಲ್ಲಿ ಮೊಟ್ಟೆಯಾಕಾರದ ಉಬ್ಬು ಎದ್ದಿದ್ದರೆ ಗುಂಡಿಯ ಹೊಡೆತಕ್ಕೆ ಒಳಗಿನ ನೂಲು ತುಂಡಾಗಿದೆ. ಅಂಥ ಟೈರಿಗೆ ದುರಸ್ತಿಯಿಲ್ಲ, ಅದರ ಮೇಲೆ ಹೆದ್ದಾರಿಗೆ ಹೋಗಲೂಬಾರದು.

ನಡುಕ, ಎಳೆತ, ಸದ್ದು

ಟೈರು ಬದಲಿಸಬೇಕೆನ್ನಿಸುವುದು ಎಷ್ಟೋ ಸಲ ಕಾರಿನ ವರ್ತನೆಯಿಂದ. ಆದರೆ ಒಂದೇ ಲಕ್ಷಣಕ್ಕೆ ಎರಡು ಮೂರು ಕಾರಣಗಳಿರಬಹುದು, ಮತ್ತು ಅವುಗಳಲ್ಲಿ ಕೆಲವಕ್ಕೆ ಹೊಸ ಟೈರಿನ ಅಗತ್ಯವೇ ಇರುವುದಿಲ್ಲ.

ಗಂಟೆಗೆ 80ರಿಂದ 110 ಕಿಲೋಮೀಟರಿನ ನಡುವೆ ಮಾತ್ರ ಸ್ಟಿಯರಿಂಗ್ ನಡುಗಿ, ಅದನ್ನು ದಾಟಿದ ಮೇಲೆ ಕಡಿಮೆಯಾಗುತ್ತಿದ್ದರೆ ಮುಂದಿನ ಚಕ್ರಗಳ ಬ್ಯಾಲೆನ್ಸಿಂಗ್ (ಸುತ್ತಲೂ ತೂಕದ ಸಮತೋಲ) ತಪ್ಪಿದೆಯೆಂದು ಊಹಿಸಬಹುದು. ನಡುಕ ಸೀಟಿನಲ್ಲಿ ತಿಳಿದು ಸ್ಟಿಯರಿಂಗಿನಲ್ಲಿ ತಿಳಿಯದಿದ್ದರೆ ದೋಷ ಹಿಂದಿನ ಚಕ್ರಗಳಲ್ಲಿದೆ. ಬ್ಯಾಲೆನ್ಸಿಂಗ್ ಮಾಡಿಸಿದ ಮೇಲೂ ನಡುಕ ಉಳಿದರೆ, ರಿಮ್ಮನ್ನು ಯಂತ್ರದ ಮೇಲೆಯೇ ತಿರುಗಿಸಿ ಒಳಅಂಚು ಬಾಗಿದೆಯೇ ಎಂದು ನೋಡಿಸಬೇಕು. ಹೊರಗಿನ ಮಾರುಕಟ್ಟೆಯ ಅಲಾಯ್ ಹಾಕಿಸಿದ್ದರೆ ಇನ್ನೊಂದು ಸಾಧ್ಯತೆಯಿದೆ. ಈ ಕಾರಿನ ಹಬ್ಬಿನ (ರಿಮ್ ಕೂರುವ ನಡುಭಾಗದ) ವ್ಯಾಸ 72.6 ಮಿಲಿಮೀಟರ್, ರಿಮ್ಮಿನ ನಡುರಂಧ್ರ ಅದಕ್ಕಿಂತ ದೊಡ್ಡದಾಗಿದ್ದು ನಡುವಿನ ಸಂದು ತುಂಬುವ ಹಬ್ ರಿಂಗ್ ಇಲ್ಲದಿದ್ದರೆ, ಚಕ್ರ ನಡುವಿಗೆ ಸರಿಯಾಗಿ ಕೂರದೆ ಎಷ್ಟು ಸಲ ಬ್ಯಾಲೆನ್ಸ್ ಮಾಡಿಸಿದರೂ ನಡುಗುತ್ತಲೇ ಇರುತ್ತದೆ. ವಾರಗಟ್ಟಲೆ ನಿಂತಿದ್ದ ಕಾರಿನಲ್ಲಿ ಹೊರಟ ಕೂಡಲೇ ಕಾಣುವ ನಡುಕ ಮಾತ್ರ ಬೇರೆ ಬಗೆಯದು. ನೆಲಕ್ಕೆ ತಾಗಿದ ಭಾಗ ಚಪ್ಪಟೆಯಾಗಿದ್ದರಿಂದ ಬರುವ ಅದು ಟೈರು ಬಿಸಿಯಾಗುತ್ತಾ ಹೋದಂತೆ ತಾನಾಗಿಯೇ ಇಳಿಯುತ್ತದೆ.

ಕಾರು ಒಂದು ಬದಿಗೆ ಎಳೆಯುತ್ತಿದ್ದರೆ ಮೊದಲು ರಸ್ತೆಯನ್ನು ಗಮನಿಸಬೇಕು. ಮಳೆನೀರು ಹರಿದುಹೋಗಲೆಂದು ನಮ್ಮ ರಸ್ತೆಗಳನ್ನು ಅಂಚಿನ ಕಡೆಗೆ ಇಳಿಜಾರಾಗಿ ಕಟ್ಟಿರುವುದರಿಂದ, ಎಡಬದಿಯಲ್ಲಿ ಸಾಗುವ ಕಾರು ಎಡಕ್ಕೆ ಸ್ವಲ್ಪ ಜಾರುವುದು ಸಹಜ. ಸಮತಟ್ಟಾದ ಜಾಗದಲ್ಲೂ ಎಳೆಯುತ್ತಿದ್ದರೆ, ಗಾಳಿಯನ್ನು ಸರಿಪಡಿಸಿ, ಮುಂದಿನ ಎರಡು ಚಕ್ರಗಳನ್ನು ಎಡಬಲ ಬದಲಿಸಿ ಓಡಿಸಬೇಕು. ಎಳೆತದ ದಿಕ್ಕು ಬದಲಾದರೆ ದೋಷ ಟೈರಿನಲ್ಲೇ ಇದೆ. ಬದಲಾಗದಿದ್ದರೆ ಅಲೈನ್‌ಮೆಂಟ್ ಅಥವಾ ಬ್ರೇಕಿನಲ್ಲಿದೆ. ಟೈರಿನ ಮೇಲೆ ಉರುಳುವ ದಿಕ್ಕಿನ ಬಾಣದ ಗುರುತಿದ್ದರೆ ಈ ಪರೀಕ್ಷೆಗೆ ಟೈರನ್ನು ರಿಮ್ಮಿನಿಂದ ಬಿಚ್ಚಿ ಹಾಕಬೇಕಾಗುತ್ತದೆ. ಮುಂದಿನದನ್ನು ಹಿಂದಕ್ಕೆ ಹಾಕುವ ಪರೀಕ್ಷೆ ಈ ಕಾರಿಗೆ ಅನ್ವಯಿಸುವುದೇ ಇಲ್ಲ, ಅಳತೆ ಬೇರೆ.

ಸದ್ದಿನ ವಿಷಯದಲ್ಲಿ ಬೆಂಗಳೂರಿನವರಿಗೆ ಒಂದು ಅನುಕೂಲವಿದೆ. ವೈಟ್ ಟಾಪಿಂಗ್ ಆದ ಕಾಂಕ್ರೀಟ್ ರಸ್ತೆಯಿಂದ ಡಾಂಬರು ರಸ್ತೆಗೆ ಇಳಿದಾಗ ಗೊಂಯ್ಗುಡುವ ಸದ್ದು ಬದಲಾದರೆ ಅದು ಟೈರಿನದು, ಬದಲಾಗದಿದ್ದರೆ ವೀಲ್ ಬೇರಿಂಗಿನದು. ಖಾಲಿ ರಸ್ತೆಯಲ್ಲಿ ನಿಧಾನವಾಗಿ ಎಡಬಲಕ್ಕೆ ಬಳುಕಿಸಿದಾಗ, ಕಾರಿನ ಭಾರ ಬಿದ್ದ ಬದಿಯಲ್ಲಿ ಸದ್ದು ಏರಿದರೆ ಬೇರಿಂಗಿನ ಅನುಮಾನ ಬಲವಾಗುತ್ತದೆ. ಗಾಳಿ ಮೆಲ್ಲಗೆ ಇಳಿಯುತ್ತಿದ್ದರೆ ಪಂಕ್ಚರ್ ಅಂಗಡಿಯವರು ಟ್ರೆಡ್ಡನ್ನಷ್ಟೇ ನೋಡಿ ಕಳಿಸಿಬಿಡುವುದುಂಟು. ವಾಲ್ವಿನ ಬುಡ, ಟೈರು ರಿಮ್ಮಿಗೆ ಕೂರುವ ಅಂಚು, ರಿಮ್ಮಿನ ಒಳಮೈ ಈ ಮೂರಕ್ಕೂ ಸೋಪಿನ ನೀರು ಹಾಕಿಸಿ ನೋಡಬೇಕು. ಗಟ್ಟಿ ರನ್‌ಫ್ಲ್ಯಾಟ್ ಟೈರು ಗುಂಡಿಯ ಹೊಡೆತವನ್ನು ನೇರವಾಗಿ ರಿಮ್ಮಿಗೆ ದಾಟಿಸುವುದರಿಂದ ಅಲಾಯ್ ಒಳಮೈಯಲ್ಲಿ ಬಿರುಕು ಬಿಡುವುದು ಅಪರೂಪವಲ್ಲ.

ಅಳತೆ ಮತ್ತು ಅಕ್ಷರಗಳು

ದೋಷ ಸರಿಪಡಿಸಿದ ಮೇಲೆ ಆಯ್ಕೆಗೆ ಬರಬಹುದು. 225/40 ಆರ್18 ಎಂದರೆ 225 ಮಿಲಿಮೀಟರ್ ಅಗಲ, ಅದರ ಶೇ. 40ರಷ್ಟು, ಅಂದರೆ 90 ಮಿಲಿಮೀಟರ್ ಪಕ್ಕದ ಗೋಡೆ, 18 ಇಂಚಿನ ರಿಮ್. ಒಟ್ಟು ವ್ಯಾಸ 637.2 ಮಿಲಿಮೀಟರ್ ಆಗುತ್ತದೆ. ಹಿಂದಿನ 255/35 ಆರ್18ರದು 635.7. ಅಗಲದಲ್ಲಿ 30 ಮಿಲಿಮೀಟರ್ ವ್ಯತ್ಯಾಸವಿದ್ದರೂ ವ್ಯಾಸದಲ್ಲಿ ಒಂದೂವರೆ ಮಿಲಿಮೀಟರಷ್ಟೇ ವ್ಯತ್ಯಾಸ. ಎಬಿಎಸ್ ಮತ್ತು ಸ್ಥಿರತೆ ಕಾಯುವ ವ್ಯವಸ್ಥೆಗಳು ನಾಲ್ಕು ಚಕ್ರಗಳ ವೇಗವನ್ನು ಹೋಲಿಸಿಯೇ ಕೆಲಸ ಮಾಡುವುದರಿಂದ ಈ ಸಾಮ್ಯವನ್ನು ಕೆಡಿಸಬಾರದು. 255/35 ಸ್ಟಾಕಿಲ್ಲ, 245/40 ಆರ್18 ಹಾಕಿಕೊಳ್ಳಿ, ಏನೂ ಆಗುವುದಿಲ್ಲ ಎಂದು ಅಂಗಡಿಯಲ್ಲಿ ಹೇಳಿದರೆ ಒಪ್ಪಬೇಡಿ. ಅದರ ವ್ಯಾಸ 653.2 ಮಿಲಿಮೀಟರ್, ಅಂದರೆ ಶೇ. 2.7ಕ್ಕಿಂತ ಹೆಚ್ಚು ದೊಡ್ಡದು.

ಅಳತೆಯ ಮುಂದೆ 88ಡಬ್ಲ್ಯು, 90ಡಬ್ಲ್ಯು ಎಂಬಂಥ ಗುರುತಿರುತ್ತದೆ. 88 ಎಂದರೆ ಒಂದು ಟೈರು 560 ಕಿಲೋ, 90 ಎಂದರೆ 600 ಕಿಲೋ ಹೊರುತ್ತದೆ. ಅಕ್ಷರವು ವೇಗದ ಮಿತಿ: ಎಚ್ 210, ವಿ 240, ಡಬ್ಲ್ಯು 270, ವೈ 300 ಕಿಲೋಮೀಟರ್. ಹೊರುವ ಭಾರದ ಅಂಕಿ ಕಾರಿನ ಕೈಪಿಡಿಯಲ್ಲಿರುವುದಕ್ಕಿಂತ ಕಡಿಮೆಯಾಗಲೇಬಾರದು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ನೂರರ ಮಿತಿಯಿರುವಾಗ 270ರ ಟೈರು ಏಕೆಂದು ಕೇಳುವವರಿದ್ದಾರೆ. ವೇಗದ ದರ್ಜೆಯು ಟೈರು ಶಾಖವನ್ನು ತಾಳುವ ಶಕ್ತಿಯನ್ನೂ ಸೂಚಿಸುತ್ತದೆ. ಜೊತೆಗೆ ಅಪಘಾತವಾದಾಗ ವಿಮೆಯವರು ಎತ್ತುವ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದಾಗಬಹುದು. ಕೈಪಿಡಿ ಹೇಳಿದ ದರ್ಜೆಯನ್ನೇ ಕೊಳ್ಳುವುದು ನನ್ನ ಸಲಹೆ.

ಗೋಡೆಯ ಮೇಲೆ ಅಂಡಾಕಾರದ ಚೌಕಟ್ಟಿನಲ್ಲಿರುವ ನಾಲ್ಕು ಅಂಕಿಗಳನ್ನು ಹಣ ಕೊಡುವ ಮೊದಲೇ ಓದಬೇಕು. 2324 ಎಂದಿದ್ದರೆ 2024ರ 23ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. ಸ್ಪೋರ್ಟ್ಸ್ ಕಾರಿನ ಅಳತೆಗಳು ನಿಧಾನವಾಗಿ ಮಾರಾಟವಾಗುವುದರಿಂದ ಮೂರು ನಾಲ್ಕು ವರ್ಷ ಗೋದಾಮಿನಲ್ಲಿ ಮಲಗಿದ್ದ ಟೈರು ಭಾರಿ ರಿಯಾಯಿತಿಯ ಹೆಸರಿನಲ್ಲಿ ಕೈಗೆ ಬರುವ ಸಂಭವ ಹೆಚ್ಚು. ಆರು ವರ್ಷವಾದ ಟೈರನ್ನು ಸವೆದಿರದಿದ್ದರೂ ಬದಲಿಸಬೇಕೆಂದು ಬಿಎಂಡಬ್ಲ್ಯು ಹೇಳುತ್ತದೆ. ಹಾಗಿದ್ದಲ್ಲಿ ನಾಲ್ಕು ವರ್ಷದ ‘ಹೊಸ’ ಟೈರಿಗೆ ಉಳಿದಿರುವುದು ಎರಡೇ ವರ್ಷ. ತಿಂಗಳಿಗೆ ಐನೂರು ಕಿಲೋಮೀಟರ್ ಕೂಡ ಓಡದ ಕಾರಿನಲ್ಲಿ ಟೈರು ಸವೆಯುವ ಮೊದಲೇ ಹಳತಾಗುವುದರಿಂದ, ಇಂಥ ರಿಯಾಯಿತಿ ಲಾಭವೆನಿಸುವುದಿಲ್ಲ.

ಹಣ ಉಳಿಸುವ ಜಾಗಗಳು

2020ರ ಜೂನ್ ತಿಂಗಳಲ್ಲಿ ಕೇಂದ್ರ ಸರ್ಕಾರ ಹೊಸ ಟೈರುಗಳ ಆಮದನ್ನು ಮುಕ್ತ ಪಟ್ಟಿಯಿಂದ ನಿರ್ಬಂಧಿತ ಪಟ್ಟಿಗೆ ಸೇರಿಸಿತು. ಆಮೇಲೆ ಪರವಾನಗಿ ಇದ್ದವರಷ್ಟೇ ತರಿಸಬಹುದಾದ್ದರಿಂದ, ಹೊರದೇಶದಲ್ಲೇ ತಯಾರಾಗುವ 18 ಮತ್ತು 19 ಇಂಚಿನ ಟೈರುಗಳಿಗೆ ಕೊರತೆಯೂ ಬೆಲೆಯೇರಿಕೆಯೂ ಕಾಣಿಸಿಕೊಂಡವು. 2025ರ ಸೆಪ್ಟೆಂಬರ್ 22ರಿಂದ ಟೈರುಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದದ್ದು ಸ್ವಲ್ಪ ಸಮಾಧಾನದ ಸಂಗತಿ. ಬೆಲೆ ಕೇಳುವಾಗ ತೆರಿಗೆ ಸೇರಿದ್ದೋ ಅಲ್ಲವೋ, ಫಿಟ್ಟಿಂಗ್, ಬ್ಯಾಲೆನ್ಸಿಂಗ್, ಹೊಸ ವಾಲ್ವ್ ಒಳಗೊಂಡಿವೆಯೋ ಎಂದು ಸ್ಪಷ್ಟಪಡಿಸಿಕೊಳ್ಳಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಒಂದೇ ಟೈರಿಗೆ ಎರಡು ಅಂಗಡಿಗಳಲ್ಲಿ ಬೇರೆ ಬೇರೆ ಬೆಲೆ ಸಿಗುವುದರಿಂದ ಬಾಯಿಮಾತಿಗಿಂತ ಬರೆದ ಕೊಟೇಶನ್ ಒಳ್ಳೆಯದು.

ಮೊದಲ ಉಳಿತಾಯ ರನ್‌ಫ್ಲ್ಯಾಟ್ ಬಿಡುವುದರಲ್ಲಿದೆ. ಗಾಳಿ ಪೂರ್ತಿ ಹೋದರೂ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಸುಮಾರು 80 ಕಿಲೋಮೀಟರ್ ಓಡಿಸಬಹುದೆಂಬುದು ಅದರ ಗುಣ. ಆ ಗುಣಕ್ಕಾಗಿಯೇ ಹೆಚ್ಚು ಬೆಲೆ ತೆರುತ್ತೇವೆ. ಸಾಮಾನ್ಯ ಟ್ಯೂಬ್‌ಲೆಸ್ ಟೈರು ಅಗ್ಗವಾಗಿಯೂ ಮೃದುವಾಗಿಯೂ ಇರುತ್ತದೆ. ಆದರೆ ಈ ಕಾರಿನಲ್ಲಿ ಸ್ಟೆಪ್ನಿ ಇಲ್ಲ. ಆದ್ದರಿಂದ ಪಂಕ್ಚರ್ ಕಿಟ್, 12 ವೋಲ್ಟಿನ ಗಾಳಿ ಪಂಪು, ಟೋಯಿಂಗ್ ಸೌಲಭ್ಯವಿರುವ ವಿಮೆ, ಇವು ಮೂರನ್ನೂ ಲೆಕ್ಕಕ್ಕೆ ಸೇರಿಸಿಕೊಂಡೇ ಬದಲಾಯಿಸಬೇಕು. ಕಿಟ್ ಟ್ರೆಡ್ಡಿನ ತೂತಿಗಷ್ಟೇ ಕೆಲಸ ಮಾಡುತ್ತದೆ, ಗೋಡೆ ಸೀಳಿದರೆ ಲಾರಿಯ ಮೇಲೆಯೇ ಕಾರು ಮನೆಗೆ ಬರಬೇಕು. ಘಾಟಿಯ ರಾತ್ರಿ ಪ್ರಯಾಣ ಹೆಚ್ಚಿರುವವರು ರನ್‌ಫ್ಲ್ಯಾಟನ್ನೇ ಉಳಿಸಿಕೊಳ್ಳುವುದು ಮೇಲು. ಒಂದೇ ಕಾರಿನಲ್ಲಿ ಎರಡು ರನ್‌ಫ್ಲ್ಯಾಟ್, ಎರಡು ಸಾಮಾನ್ಯ ಎಂಬ ಮಿಶ್ರಣ ಮಾತ್ರ ಬೇಡ.

ಎರಡನೆಯದು ರಿಮ್ಮನ್ನು 17 ಇಂಚಿಗೆ ಇಳಿಸುವುದು, ಮತ್ತು ನನಗೆ ಇದು ಎಲ್ಲಕ್ಕಿಂತ ಒಳ್ಳೆಯ ದಾರಿಯೆನಿಸುತ್ತದೆ. 225/45 ಆರ್17ರ ವ್ಯಾಸ 634.3, 255/40 ಆರ್17ರದು 635.8 ಮಿಲಿಮೀಟರ್, ಹಾಗಾಗಿ ಸ್ಪೀಡೋಮೀಟರಿಗೂ ಎಬಿಎಸ್‌ಗೂ ತೊಂದರೆಯಿಲ್ಲ. ಮುಂದಿನ ಟೈರಿನ ಗೋಡೆ 90ರಿಂದ ಸುಮಾರು 101 ಮಿಲಿಮೀಟರಿಗೆ ಏರುವುದರಿಂದ ಗುಂಡಿಗಳಲ್ಲಿ ರಿಮ್ ಉಳಿಯುತ್ತದೆ. 225/45 ಆರ್17 ಅನೇಕ ಸೆಡಾನುಗಳಿಗೂ ಬಳಕೆಯಾಗುವ ಅಳತೆಯಾದ್ದರಿಂದ ಆಯ್ಕೆಯೂ ಹೆಚ್ಚು, ಬೆಲೆಯೂ ಹದ. ಬಳಸಿದ ಕಂಪನಿ ರಿಮ್ ಸಿಕ್ಕರೆ ಇನ್ನೂ ಒಳ್ಳೆಯದು. ಬೋಲ್ಟ್ ಅಳತೆ 5×120 (120 ಮಿಲಿಮೀಟರ್ ವೃತ್ತದಲ್ಲಿ ಐದು ಬೋಲ್ಟು), ನಡುರಂಧ್ರ 72.6 ಇರಬೇಕು, ದೊಡ್ಡ ಬ್ರೇಕಿರುವ ಮಾದರಿಯಾದರೆ ಕ್ಯಾಲಿಪರಿಗೆ ರಿಮ್ ತಾಗುವುದಿಲ್ಲವೆಂದು ಟೈರು ಕೊಳ್ಳುವ ಮೊದಲು ಬರಿಯ ರಿಮ್ ಹಾಕಿ ಕೈಯಿಂದ ತಿರುಗಿಸಿ ನೋಡಬೇಕು.

ಮೂರನೆಯದು ಕಾರಿನ ಕಂಪನಿಯ ಗುರುತಿಗೆ ತೆರುವ ಹಣ. ಬಿಎಂಡಬ್ಲ್ಯುಗಾಗಿ ಹೊಂದಿಸಿದ ಟೈರಿನ ಮೇಲೆ ನಕ್ಷತ್ರ, ಪೋರ್ಶೆಗೆ ಎನ್0, ಎನ್1 ಮುಂತಾದವು, ಆಡಿಗೆ ಎಒ, ಮರ್ಸಿಡಿಸ್‌ಗೆ ಎಂಒ ಎಂಬ ಗುರುತಿರುತ್ತದೆ. ಅದೇ ಟೈರು ಗುರುತಿಲ್ಲದೆ ಕಡಿಮೆ ಬೆಲೆಗೆ ಸಿಕ್ಕರೆ ದಿನಬಳಕೆಯ ಕಾರಿಗೆ ಧಾರಾಳವಾಗಿ ಕೊಳ್ಳಬಹುದು, ಆದರೆ ಒಂದು ಆಕ್ಸಲಿನ ಎರಡೂ ಟೈರು ಒಂದೇ ಬಗೆಯವಾಗಿರಬೇಕು. ನಾಲ್ಕನ್ನೂ ಒಟ್ಟಿಗೆ ಬದಲಿಸಲೇಬೇಕೆಂಬ ಮಾತೂ ಸರಿಯಲ್ಲ. ಹಿಂದಿನ ಚಕ್ರಗಳೇ ಓಡಿಸುವ ಕಾರಿನಲ್ಲಿ ಹಿಂದಿನವು ಮೊದಲು ಸವೆಯುತ್ತವೆ. ಮುಂದಿನವು ಚೆನ್ನಾಗಿದ್ದರೆ, ಅದೇ ಬ್ರ್ಯಾಂಡಿನ ಅದೇ ಮಾದರಿಯ ಹಿಂದಿನ ಜೋಡಿಯನ್ನಷ್ಟೇ ಕೊಂಡರೆ ಸಾಕು.

ಉಳಿಸಬಾರದ ಜಾಗಗಳು ಇವು. ಒದ್ದೆ ರಸ್ತೆಯ ಹಿಡಿತದಲ್ಲಿ ರಾಜಿ ಬೇಡ, ಏಕೆಂದರೆ ಹಗುರವಾದ ಹಿಂಬದಿ, ಅಗಲವಾದ ಟೈರು, ಬಲವಾದ ಎಂಜಿನ್ ಇವು ಕೂಡಿದ ಕಾರು ನಿಂತ ನೀರಿನ ಮೇಲೆ ತೇಲಿದರೆ ಹಿಂಬದಿ ತಿರುಗಿಹೋಗುತ್ತದೆ. ನಮ್ಮ ಮೋಟಾರು ವಾಹನ ನಿಯಮಗಳ ಪ್ರಕಾರ ಕಾರಿನ ಟ್ರೆಡ್ ಕನಿಷ್ಠ 1.6 ಮಿಲಿಮೀಟರ್ ಇರಬೇಕು, ಆದರೆ ಈ ಬಗೆಯ ಕಾರಿನಲ್ಲಿ ಮಳೆಗಾಲದ ಮೊದಲು 3 ಮಿಲಿಮೀಟರಿಗೆ ಇಳಿದ ಟೈರನ್ನೇ ನಾನು ಬದಲಿಸಲು ಹೇಳುತ್ತೇನೆ. ಟ್ರೆಡ್‌ವೇರ್ (ಎಷ್ಟು ನಿಧಾನವಾಗಿ ಸವೆಯುತ್ತದೆಂದು ಸೂಚಿಸುವ) ಅಂಕಿ 500 ಇದೆಯೆಂದು ಹಿಗ್ಗಿ ಗಟ್ಟಿ ರಬ್ಬರಿನ ಟೈರು ಕೊಳ್ಳುವುದೂ ತಪ್ಪು. ಆ ಅಂಕಿಯನ್ನು ಆಯಾ ಕಂಪನಿಯೇ ನಮೂದಿಸುವುದರಿಂದ ಬೇರೆ ಬೇರೆ ಬ್ರ್ಯಾಂಡುಗಳನ್ನು ಅದರಿಂದ ಹೋಲಿಸಲಾಗುವುದಿಲ್ಲ. ಬಳಸಿದ ಟೈರು, ಸವೆದ ಮೇಲೆ ಬಿಸಿ ಚಾಕುವಿನಿಂದ ಗೀರು ಕೊರೆದು ಹೊಸದರಂತೆ ಮಾಡಿದ ಟೈರು, ಐಎಸ್‌ಐ ಗುರುತಿಲ್ಲದ ಟೈರು, ಇವುಗಳ ಹತ್ತಿರ ಸುಳಿಯಲೂಬೇಡಿ.

ಹಾಕಿಸುವಾಗ ಮತ್ತು ಆಮೇಲೆ

ಹರಿದ ಬುಶ್ ಇದ್ದರೆ ಅದನ್ನು ಮೊದಲು ಬದಲಿಸಿ, ಟೈರು ಹಾಕಿಸಿ, ಗಾಳಿ ಸರಿಪಡಿಸಿ, ಕೊನೆಗೆ ಅಲೈನ್‌ಮೆಂಟ್ ಮಾಡಿಸಬೇಕು. ಈ ಕ್ರಮ ತಪ್ಪಿದರೆ ಅಲೈನ್‌ಮೆಂಟಿಗೆ ಕೊಟ್ಟ ಹಣ ವ್ಯರ್ಥ. ನಾಲ್ಕೂ ಚಕ್ರಗಳ ಅಂಕಿಗಳಿರುವ, ಸರಿಪಡಿಸುವ ಮೊದಲಿನ ಮತ್ತು ಅನಂತರದ ಚೀಟಿಯನ್ನು ಕೇಳಿ ಪಡೆಯಬೇಕು. ಬೋಲ್ಟುಗಳನ್ನು ಗನ್ನಿನಿಂದ ಬಿಗಿದು ಬಿಡದೆ, ಬಿಗಿತ ಅಳೆಯುವ ಟಾರ್ಕ್ ರೆಂಚಿನಿಂದ 120 ನ್ಯೂಟನ್ ಮೀಟರಿಗೆ ಬಿಗಿಸಿ, ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ನೋಡಬೇಕು. ಕಾರಿನ ಪರದೆಯಲ್ಲಿ ಗಾಳಿ ಒತ್ತಡದ ಎಚ್ಚರಿಕೆಯನ್ನು ರೀಸೆಟ್ ಮಾಡಬೇಕು. ಅಚ್ಚಿನಿಂದ ಬಂದ ಜಿಡ್ಡು ಹೊಸ ಟೈರಿನ ಮೇಲೆ ಇರುವುದರಿಂದ ಮೊದಲ 300 ಕಿಲೋಮೀಟರ್ ತಿರುವುಗಳಲ್ಲೂ ಮಳೆಯಲ್ಲೂ ಸಾವಧಾನವಾಗಿ ಓಡಿಸಬೇಕು.

ಸಾವಿರ ಕಿಲೋಮೀಟರ್ ಆದ ಮೇಲೆ ಹಿಂದಿನ ಎರಡೂ ಟೈರುಗಳ ಟ್ರೆಡ್ಡನ್ನು ಒಳಅಂಚು, ನಡು, ಹೊರಅಂಚು ಈ ಮೂರು ಕಡೆ ಅಳತೆಗೋಲಿನಿಂದ ಅಳೆದು, ಹೊಸದಿದ್ದಾಗ ಬರೆದಿಟ್ಟ ಅಂಕಿಗಳೊಡನೆ ಹೋಲಿಸಿ. ಹೊರಅಂಚಿಗಿಂತ ಒಳಅಂಚು ಆಗಲೇ ಅರ್ಧ ಮಿಲಿಮೀಟರಿನಷ್ಟು ಹೆಚ್ಚು ಸವೆದಿದ್ದರೆ, ಟೈರಿನ ಅಂಗಡಿಗೆ ಹೋಗದೆ ಚೀಟಿ ಹಿಡಿದು ಅಲೈನ್‌ಮೆಂಟ್ ಮಾಡಿದವರ ಬಳಿಗೆ ಹಿಂದಿರುಗಿ, ಹಿಂಬದಿಯ ಬುಶ್ಶುಗಳನ್ನು ಭಾರದಡಿಯಲ್ಲೇ ಮತ್ತೆ ಪರೀಕ್ಷಿಸಲು ಹೇಳಿ.